ಚೀನಾ ನಾಟಕದ ಹೆಂಗಸು ಅಳಬಾರದು

ಆಗ ನನಗೆ ಎಪ್ಪತ್ತೊಂದು. ಈ ಮಾತಿಗೆ ಮೂರು ವರ್ಷವಾಯಿತು. ಅಮೆರಿಕದ ಶ್ಯಾಂಟಿಲಿಯಲ್ಲಿ ಮಗಳ ಮನೆಯಲ್ಲಿದ್ದೆ. ಮೊಮ್ಮಗಳು ಹತ್ತಿರದ ಫೇರ್‌ಫ್ಯಾಕ್ಸ್‌ನಲ್ಲಿ ಕಾಲೇಜಿಗೆ ಹೋಗಿ ನಾಟಕ ಕಲಿಯುತ್ತಿದ್ದಳು. ಚೀನಾದ ಕ್ರಾಂತಿಯ ನಾಟಕಗಳಲ್ಲಿ ಹೆಂಗಸರನ್ನು ಹೇಗೆ ತೋರಿಸುತ್ತಿದ್ದರು ಎಂಬುದು ಆಗಿನ ಪಾಠ. ಒಂದು ಮಧ್ಯಾಹ್ನ ಲ್ಯಾಪ್‌ಟಾಪಿನಲ್ಲಿ ಅಂಥದೊಂದು ಹಚ್ಚಿ ನನ್ನನ್ನೂ ಪಕ್ಕದಲ್ಲಿ ಕೂಡಿಸಿಕೊಂಡಳು. ಕೂದಲು ಕಿವಿಯ ತನಕ ಕತ್ತರಿಸಿಕೊಂಡ ಗಟ್ಟಿ ಹೆಂಗಸೊಬ್ಬಳು ಮುಷ್ಟಿ ಎತ್ತಿ ಹಾಡುತ್ತಿದ್ದಳು.

"ಪಾಪ, ಈಕಿ ಗಂಡ ಸತ್ತಾನೇನ?" ಅಂದೆ.

"ಅಜ್ಜಿ, ನೋ! ಅವ್ಳು ಲೀಡರ್!"

"ಮತ್ತ ಹಣಿಗೆ ಕುಂಕುಮಿಲ್ಲ, ಕೈಯಾಗ ಬಳಿ ಇಲ್ಲ."

"ಚೈನೀಸ್ ಲೇಡೀಸ್ ಕುಂಕುಮ ಇಡಲ್ಲ ಅಜ್ಜಿ!" ಬಿದ್ದು ಬಿದ್ದು ನಕ್ಕಳು. ಆಮೇಲೆ ತಾನೇ, "ಬಟ್ ಈ ನಾಟಕಗಳಲ್ಲಿ ಅವ್ರಿಗೆ ಹಸ್ಬೆಂಡ್ ಇರಲ್ಲ. ಮೋಸ್ಟ್‌ಲಿ ಸತ್ತಿರ್ತಾನೆ, ಇಲ್ಲಾ ಎಲ್ಲೋ ದೂರ ಹೋಗಿರ್ತಾನೆ," ಅಂದಳು.

"ಮನ್ಯಾಗಿದ್ರ ಮುಷ್ಟಿ ಎತ್ತಾಕ ಎಲ್ಲಿ ಬಿಡ್ತಿದ್ದ?"

ಮರುದಿನ ಕ್ಲಾಸಿನಲ್ಲಿ ಅವಳು ಅಂಥ ಹೆಂಗಸಿನ ಪಾತ್ರ ಮಾಡಬೇಕಿತ್ತು. ಹುಡುಗರೇ ಬರೆದ ದೃಶ್ಯ. ಊರವರಿಗೆ ಅನ್ನ ಬಡಿಸುವಾಗ ಗಂಡ ಸತ್ತ ಸುದ್ದಿ ಬರುತ್ತದೆ, ಅವಳು ಅಳಬಾರದು. ಇವಳಿಗೋ ಪ್ರತಿ ಸಲ ಅಳು. ನಾಳೆಯೂ ಅತ್ತರೆ ಪಾತ್ರ ಬೇರೆಯವಳಿಗೆ ಅಂದಿದ್ದರಂತೆ ಟೀಚರು.

"ಅಜ್ಜ ಹೋದಾಗ ನೀನು ಅಳ್ಲಿಲ್ಲ ಅಂತ ಅಮ್ಮ ಹೇಳ್ತಾಳೆ. ಹೇಗೆ ಅಜ್ಜಿ?"

ಇದನ್ನು ನನಗೆ ಯಾರೂ ಕೇಳಿರಲಿಲ್ಲ. ಕಲ್ಲಿನಂಥವಳು ಅಂದಿದ್ದರು, ಅಷ್ಟೇ. ಅವಳನ್ನು ಅಡುಗೆಮನೆಗೆ ಕರೆದು, ಜೋಳದ ಹಿಟ್ಟು ನಾದಿ ಮುಂದಿಟ್ಟೆ.

"ಬಡಿ. ಸುದ್ದಿ ಬಂದಾಗ ನಾ ರೊಟ್ಟಿ ಬಡಿಯಾಕತ್ತಿದ್ನಿ. ಹಂಚಿನ ಮ್ಯಾಲ ಒಂದಿತ್ತು, ಹೊತ್ತಬಾರದಂತ ಹೊರಳಿಸಿ ಹಾಕಿದ್ನಿ. ನಿಮ್ಮವ್ವ ಸಣ್ಣಾಕಿ, ಹಸದಿದ್ಲು. ಆಕಿಗೆ ತಿನಿಸಿ ಎದ್ನಿ. ಮುಷ್ಟಿ ಕಟ್ಟಿದ್ರ ಅಳು ಬರ್ತದ ಮಗಳ. ಕೈಗೆ ಕೆಲಸ ಕೊಡು."

ಅವಳ ರೊಟ್ಟಿ ಹರಿಯಿತು. ಮತ್ತೆ ಮುದ್ದೆ ಮಾಡಿ ಬಡಿದಳು. "ಅಮ್ಮಂಗೆ ಇದು ಗೊತ್ತಾ?"

"ಎರಡು ರೊಟ್ಟಿ ತಿಂದ್ಲು. ಅಷ್ಟು ಗೊತ್ತಿರಬೇಕು."

ಹಿಟ್ಟಿನ ಕೈಯಲ್ಲೇ ನನ್ನನ್ನು ತಬ್ಬಿಕೊಂಡಳು. ಸೀರೆಯೆಲ್ಲ ಹಿಟ್ಟಾಯಿತು. ಬೈಯಲಿಲ್ಲ.

ಮರುದಿನ ಬೆಳಿಗ್ಗೆ ಅವಳ ಕಾರಿನಲ್ಲೇ ಹೋಗಿ ಕ್ಲಾಸಿನ ಹಿಂದಿನ ಸಾಲಿನಲ್ಲಿ ಕುಳಿತೆ. ದೃಶ್ಯದಲ್ಲಿ ಸುದ್ದಿ ಬಂತು. ಅವಳ ಸೌಟು ಒಂದು ಕ್ಷಣ ನಿಂತಿತು, ಆಮೇಲೆ ಮುಂದಿನವನ ಬಟ್ಟಲಿಗೆ ಅನ್ನ ಬಿತ್ತು. ಪಾತ್ರ ಅವಳದೇ ಆಯಿತು. ಪಕ್ಕದ ಹುಡುಗಿಯೊಬ್ಬಳು ನನ್ನ ಮುಖ ನೋಡಿ ಟಿಶ್ಯೂ ಚಾಚಿದಳು. ಬೇಡವೆನ್ನದೆ ತೆಗೆದುಕೊಂಡೆ.