ಮೂರು ಮನೆಯ ದಫೇದಾರರು

ನನ್ನ ಹೊಲಿಗೆ ಅಂಗಡಿಗೆ ಅಂಟಿಕೊಂಡ ಬಾಡಿಗೆ ಮನೆ ದಫೇದಾರರದು. ಅವರು ಬೀದಿಗಿಳಿದರೆ ಹೆಲ್ಮೆಟ್ ಇಲ್ಲದವರೆಲ್ಲ ಗಾಡಿಯಿಂದಿಳಿದು ತಳ್ಳಿಕೊಂಡು ಹೋಗುತ್ತಾರೆ. ಅವರು ತಿರುವು ದಾಟಿದ ಮೇಲೆ, "ತಿಂದೂ ತಿಂದೂ ಹೊಟ್ಟೆ ನೋಡು" ಎನ್ನುತ್ತಾರೆ. ಆ ಹೊಟ್ಟೆಯ ಅಳತೆ ನನ್ನಷ್ಟು ಯಾರಿಗೂ ಗೊತ್ತಿಲ್ಲ. ಹದಿನೈದು ವರ್ಷಗಳಿಂದ ಅವರ ಖಾಕಿ ಪ್ಯಾಂಟನ್ನು ಬಿಗಿ ಮಾಡುತ್ತಲೇ ಬಂದಿದ್ದೇನೆ. ಸಡಿಲ ಮಾಡಿದ್ದು ಒಮ್ಮೆಯೂ ಇಲ್ಲ.

ಠಾಣೆಯಲ್ಲಿ ಅವರದು ಕಳ್ಳರ ಹಿಂದೆ ಓಡುವ ಕೆಲಸವಲ್ಲ. ಯಾರಿಗಾದರೂ ಸರ್ಕಾರಿ ನೌಕರಿ ಸಿಕ್ಕರೆ, ಅವರ ನಡತೆ ಎಂಥದ್ದೆಂದು ವಿಚಾರಿಸಿ ವರದಿ ಬರೆಯುವುದು. ಅದಕ್ಕೆ ಅವರ ಹತ್ತಿರ ಇದ್ದದ್ದು ಒಂದೇ ಟೇಪು: ಎಡಮನೆ, ಬಲಮನೆ, ಎದುರುಮನೆ. ಮೂರು ಕಡೆ ಕೇಳಿ, ಅಲ್ಲೇ ಯಾರದೋ ಜಗಲಿಯ ಮೇಲೆ ಕೂತು ಷರಾ ಗೀಚಿದರೆ ಒಬ್ಬರ ಹಣೆಬರಹ ಮುಗಿಯಿತು. ಆ ವ್ಯಕ್ತಿಯ ಬಾಗಿಲನ್ನು ಮಾತ್ರ ತಟ್ಟಿದವರಲ್ಲ.

"ತನ್ನ ಬಗ್ಗೆ ತಾನೇ ಕೆಟ್ಟದ್ದು ಹೇಳ್ಕೊಳ್ಳೋರು ಯಾರ್ರೀ?" ಎನ್ನುತ್ತಿದ್ದರು. ಮೂವತ್ತೊಂದು ವರ್ಷ ಹೀಗೇ ನಡೆಯಿತು. ಠಾಣೆಯಲ್ಲಿ ಅವರಿಗೆ 'ಮೂರ್ಮನೆ' ಎಂದೇ ಹೆಸರು.

ಈ ವರ್ಷ ಅವರ ಮಗಳಿಗೆ ಗಂಡು ಗೊತ್ತಾಯಿತು. ಹುಡುಗ ಹುಡುಗಿ ಇಬ್ಬರೂ ಮೆಚ್ಚಿದ್ದರು. ಆಕೆ ಮದುವೆ ಬಟ್ಟೆಗೆ ನನ್ನ ಹತ್ತಿರ ಅಳತೆಯನ್ನೂ ಕೊಟ್ಟಾಗಿತ್ತು. ಬಾಕಿ ಇದ್ದದ್ದು ಗಂಡಿನ ಸೋದರಮಾವನ ಒಪ್ಪಿಗೆ. ರಿಟೈರಾದ ಮೇಷ್ಟ್ರು ಅವರು. ಬಂದರು, ದಫೇದಾರರ ಮನೆಗಲ್ಲ, ನನ್ನ ಅಂಗಡಿಗೆ.

"ಪಕ್ಕದ ಪೊಲೀಸಿನವರು ಹೇಗೆ?"

"ಅಪ್ಪಟ ಚಿನ್ನ ಸ್ವಾಮಿ. ಒಂದು ಗುಂಡಿ ಹಾಕಿಸಿಕೊಂಡ್ರೂ ಕಾಸು ಕೊಟ್ಟೇ ಹೋಗ್ತಾರೆ."

ಮೇಷ್ಟ್ರು ನನ್ನನ್ನು ಮರುಕದಿಂದ ನೋಡಿದರು. "ಹೆದರ್ಬೇಡಿ, ನಾನು ಯಾರಿಗೂ ಹೇಳಲ್ಲ."

ಆಚೆ ಮನೆಯ ಗುಮಾಸ್ತರು ಏನು ಹೇಳಿದರೆಂದು ಸಂಜೆ ಅವರೇ ನನ್ನ ಮುಂದೆ ಜಂಬ ಕೊಚ್ಚಿಕೊಂಡರು: "ತಗೊಂಡಿದ್ದು ನಾನು ಕಂಡಿಲ್ಲ ಅಂದೆ. ಕಾಣೋ ಹಾಗೆ ಯಾರು ತಗೋತಾರೆ ಅಂತಾನೂ ಅಂದೆ." ಎದುರುಮನೆ ಅಜ್ಜಿ ಇನ್ನೂ ಒಂದು ಕೈ ಮೇಲೆ: "ಇಷ್ಟು ವರ್ಷ ಪೊಲೀಸಲ್ಲಿದ್ದು ಸ್ವಂತ ಮನೆ ಇಲ್ಲ. ದುಡ್ಡೆಲ್ಲಾ ಎಲ್ಲಿಗೆ ಹೋಯ್ತಪ್ಪಾ? ಇನ್ನೊಂದು ಸಂಸಾರ ಇದ್ರೂ ಇರಬಹುದು." ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡವೇ ಅನ್ನುವುದು ಸುಳ್ಳಲ್ಲ.

ಮೂರನೇ ದಿನ ಸಂಬಂಧ ಬೇಡವೆಂದು ಹೇಳಿ ಕಳಿಸಿದರು. "ತಿಂದಿದ್ರೆ ಪರವಾಗಿರಲಿಲ್ಲ, ಎಲ್ಲಿಟ್ಟಿದ್ದಾರೆ ಅಂತಲೇ ಗೊತ್ತಾಗ್ತಿಲ್ವಲ್ಲ" ಎಂದರಂತೆ ಮೇಷ್ಟ್ರು.

ದಫೇದಾರರು ನನ್ನ ಅಂಗಡಿಯಲ್ಲಿ ನಿಂತು ಕೂಗಾಡಿದರು. "ಇಷ್ಟು ದೂರ ಬಂದೋರು ನನ್ನ ಬಾಗಿಲು ತಟ್ಟಿ ನನ್ನನ್ನೇ ಒಂದು ಮಾತು ಕೇಳ್ಬಾರದಿತ್ತಾ?"

ಮಗಳು ಬಟ್ಟೆ ವಾಪಸು ಒಯ್ಯಲು ಬಂದಿದ್ದಳು. ಅತ್ತು ಅತ್ತು ಮುಖ ಊದಿತ್ತು.

"ಅಪ್ಪಾ, ನೀವು ಯಾರ ಬಾಗಿಲು ತಟ್ಟಿದ್ರಿ?"

ದಫೇದಾರರು ಚೀಲ ಹೆಗಲಿಗೇರಿಸಿ ಹೊರಟುಹೋದರು. ನನಗಂತೂ ಸಂಕಟವಾಯಿತು. ಆ ಮೂರು ಮನೆಗಳಲ್ಲಿ ನನ್ನದೂ ಒಂದಲ್ಲವೇ? ಹೊಗಳಿ ಮುಳುಗಿಸಿದ ಪುಣ್ಯಾತ್ಮ ನಾನು.

ಮರುದಿನ ಅವರ ಚೀಲದಲ್ಲಿ ಸರ್ಕಾರಿ ನೌಕರಿ ಸಿಕ್ಕ ಒಬ್ಬ ಟೈಪಿಸ್ಟ್ ಹೆಂಗಸಿನ ವಿಚಾರಣೆಯ ಕಾಗದವಿತ್ತು. ಆಕೆಯ ಅಕ್ಕಪಕ್ಕದ, ಎದುರಿನ ಮೂರು ಮನೆಯವರೂ, "ದಿನಾ ಕತ್ತಲಾದ ಮೇಲೆ ಬರ್ತಾಳೆ, ನಾವ್ಯಾಕೆ ಹೇಳೋಣ" ಎಂದು ಎಲ್ಲವನ್ನೂ ಹೇಳಿ ಮುಗಿಸಿದ್ದರು. 'ನಡತೆ ಸಂಶಯಾಸ್ಪದ' ಎಂಬ ಎರಡು ಪದ ಬರೆಯುವುದಷ್ಟೇ ಬಾಕಿ. ದಫೇದಾರರು ಪೆನ್ನು ತೆಗೆದರು, ಮತ್ತೆ ಜೇಬಿಗೆ ಸಿಕ್ಕಿಸಿದರು. ಹೋಗಿ ಆಕೆಯ ಬಾಗಿಲನ್ನೇ ತಟ್ಟಿದರು. ಮುಂದಿನದನ್ನು ಅವರೇ ನನಗೆ ಹೇಳಿದ್ದು.

ಬಾಗಿಲು ತೆರೆದವಳು ಖಾಕಿಯನ್ನು ನೋಡಿದಳು. ಆಮೇಲೆ ಅವರ ಹೆಗಲಾಚೆ, ಎದುರುಮನೆಯ ಕಿಟಕಿಯನ್ನು ನೋಡಿದಳು.

"ಸಾರ್, ಒಳಗೆ ಬನ್ನಿ, ಇಲ್ಲಾಂದ್ರೆ ಹೊರಟುಬಿಡಿ. ನೀವು ಇಲ್ಲಿ ನಿಂತಷ್ಟು ಹೊತ್ತೂ ಮಾನ ಹೋಗೋದು ನಂದು."

ದಫೇದಾರರು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು. "ತಪ್ಪಾಯ್ತಮ್ಮ. ಈ ಸಲ ನಿಮ್ಮನ್ನೇ ಕೇಳೋಣ ಅಂತ ಬಂದೆ."

ಬೆನ್ನ ಹಿಂದೆ ಕಿಟಕಿ ಪೂರ್ತಿ ತೆರೆದ ಸದ್ದಾಯಿತು.

"ನೋಡೇ, ಟೋಪಿ ಬೇರೆ ತೆಗೆದ! ನಾನು ಹೇಳಲಿಲ್ವಾ, ಹಳೇ ಪರಿಚಯ!"