ಅಪ್ಪನ ಕೈಗೆ ಎರಡು ಗುಲಾಮ

ಇಸ್ಪೀಟಿನ ಕಟ್ಟನ್ನು ಎಡಗೈಯಲ್ಲಿ ಹಿಡಿದು, ಮೇಲಿನ ಎಲೆ ಕೊಟ್ಟ ಹಾಗೆ ತೋರಿಸಿ ಅಡಿಯ ಎಲೆ ಕೊಡುವುದು ನೋಡುವುದಕ್ಕೆ ಬಹಳ ಸುಲಭ. ಮೊಬೈಲಿನಲ್ಲಿ ಯಾರೋ ಒಬ್ಬ ಉದ್ದ ಬೆರಳಿನವನು ಚಹಾ ಕುಡಿದಷ್ಟು ಸಲೀಸಾಗಿ ಮಾಡಿ ತೋರಿಸುತ್ತಿದ್ದ. ನನಗೆ ಅದು ಒಂದು ಮಟ್ಟಕ್ಕೆ ಬರಲು ಎಂಟು ತಿಂಗಳು ಬೇಕಾಯಿತು. ಆ ಎಂಟು ತಿಂಗಳಲ್ಲಿ ನನ್ನ ಬೆರಳುಗಳನ್ನು ಬೈದಷ್ಟು ನಾನು ಬೇರೆ ಯಾರನ್ನೂ ಬೈದಿಲ್ಲ.

ಕಲಿತದ್ದು ಮೋಸ ಮಾಡಲಿಕ್ಕೇ, ಅದನ್ನು ಮುಚ್ಚಿಡುವುದಿಲ್ಲ. ಅಪ್ಪನನ್ನು ಗೆಲ್ಲಿಸಬೇಕಿತ್ತು.

ಅಪ್ಪ ಉಡುಪಿ–ಕಾರ್ಕಳ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಿವೃತ್ತರಾದ ಮೇಲೆ ಒಂದು ಬೆಳಿಗ್ಗೆ ಪಾರ್ಶ್ವವಾಯು ಹೊಡೆದು ಎಡಗೈ ಎಡಗಾಲು ಬಿದ್ದುಹೋದವು. ಕಾಲು ಬಂತು, ಕೈ ಅರ್ಧ ಬಂತು, ಮಾತಿಗೆ ಏನೂ ಆಗಿರಲಿಲ್ಲ. ಆದರೂ ಅಲೆವೂರಿನ ನಮ್ಮ ಮನೆಯಲ್ಲಿ ಅವರು ಬಾಯಿ ಬಿಡುತ್ತಿದ್ದದ್ದು ಊಟ ಬೇಕು, ಬೇಡ ಎನ್ನುವುದಕ್ಕೆ ಮಾತ್ರ. ಬಾಯಿ ತುಂಬ ಮಾತಾಡುತ್ತಿದ್ದದ್ದು ವಾರಕ್ಕೆ ಒಂದೇ ದಿನ, ಭಾನುವಾರ ಮಧ್ಯಾಹ್ನ, ಕಾಪುವಿನಲ್ಲಿ ನನ್ನ ಸೋದರಮಾವನ ಜಗಲಿಯಲ್ಲಿ ಇಪ್ಪತ್ತೆಂಟು ಆಡುವಾಗ.

ಇಪ್ಪತ್ತೆಂಟು ಗೊತ್ತಿಲ್ಲದವರಿಗೆ ಇಷ್ಟು ಸಾಕು: ನಾಲ್ಕು ಜನ, ಎದುರುಬದುರು ಕೂತವರು ಜೋಡಿ. ಈ ಆಟದಲ್ಲಿ ಗುಲಾಮನೇ ದೊಡ್ಡವನು, ಅವನ ನಂತರ ಒಂಬತ್ತು ಮತ್ತು ಎಕ್ಕ, ರಾಜ ರಾಣಿಯರಿಗೆ ಕವಡೆ ಕಿಮ್ಮತ್ತಿಲ್ಲ. ಮೊದಲು ನಾಲ್ಕು ಎಲೆ ಹಂಚಿ, ಅದನ್ನು ನೋಡಿ ಎಷ್ಟು ಗೆಲ್ಲುತ್ತೇನೆಂದು ಕೂಗಬೇಕು, ಆಮೇಲೆ ಮತ್ತೆ ನಾಲ್ಕು. ಮಾವನ ಜಗಲಿಯಲ್ಲಿ ಇನ್ನೊಂದು ಪದ್ಧತಿ ಉಂಟು. ಸೋತ ಜೋಡಿ ಮುಂದಿನ ಆಟ ಗೆಲ್ಲುವವರೆಗೆ ಕಿವಿಗೆ ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸಿಕೊಂಡು ಕೂರಬೇಕು. ಕಾಯಿಲೆಗೆ ಮುಂಚೆ ಅಪ್ಪನ ಕಿವಿಗೆ ಕ್ಲಿಪ್ಪು ಬಿದ್ದದ್ದನ್ನು ನಾನು ನೋಡಿದ್ದು ಬೆರಳೆಣಿಕೆಯಷ್ಟು ಸಲ. ಆಮೇಲೆ ಅದು ಬಿಚ್ಚಿದ್ದೇ ಇಲ್ಲ. ಒಂದು ಭಾನುವಾರ ಎಡಕಿವಿಯ ಕ್ಲಿಪ್ಪಿನ ಸಮೇತ ಬಸ್ಸು ಹತ್ತಿ, ಉಡುಪಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಮನೆಗೆ ಬಂದರು. ಎರಡು ಬಸ್ಸಿನ ಜನ ನೋಡಿದ್ದಾರೆ. ಅಮ್ಮ ಕ್ಲಿಪ್ಪು ತೆಗೆದರು. ಅಪ್ಪ, "ಇನ್ನು ನಾನು ಕಾಪುವಿಗೆ ಹೋಗುವುದಿಲ್ಲ. ನನ್ನ ಕೈಗೆ ಎಲೆಯೇ ಬೀಳುವುದಿಲ್ಲ" ಎಂದರು.

ಭಾನುವಾರವೂ ನಿಂತರೆ ಈ ಮನುಷ್ಯ ಮಂಚ ಹಿಡಿಯುತ್ತಾರೆ ಎಂದು ನನಗೆ ಭಯವಾಯಿತು. ಆಟದಲ್ಲಿ ಅವರ ಹಳೆಯ ಜೋಡಿಯಾಗಿದ್ದವರು ಮಗಳ ಮನೆಗೆ ಹೋಗಿ ನೆಲೆಸಿದ್ದರಿಂದ ಆ ಜಾಗಕ್ಕೆ ನಾನು ಬರುತ್ತೇನೆಂದು ಹೇಳಿ ಹೇಗೋ ಒಪ್ಪಿಸಿದೆ. ಎಲೆ ಬೀಳುವುದಿಲ್ಲ ಎಂದರಲ್ಲ, ಬೀಳಿಸಿದರಾಯಿತು ಎಂದುಕೊಂಡೆ.

ನಾನು ಮಣಿಪಾಲದಲ್ಲಿ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕೌಂಟರಿನ ಹಿಂದೆ ಕೂತು ಅಭ್ಯಾಸ. ನಮ್ಮ ಕಡೆಯ ಸೆಕೆಯಲ್ಲಿ ಅಂಗೈ ಬೆವರುತ್ತದೆ, ಎಲೆ ಎಲೆಗೆ ಅಂಟುತ್ತದೆ, ಒಂದು ಎಳೆದರೆ ಮೂರು ಬರುತ್ತವೆ. ಪೌಡರ್ ಹಾಕಿದೆ. ಆಗ ಇಡೀ ಕಟ್ಟೇ ಜಾರಿ ನೆಲದ ಮೇಲೆ ಹರಡಿತು. ತೇವ ಹೀರಲಿ ಎಂದು ಕಟ್ಟನ್ನು ಅಕ್ಕಿ ಡಬ್ಬದೊಳಗೆ ಹುಗಿದಿಟ್ಟೆ. ಅಮ್ಮ ಅನ್ನಕ್ಕೆ ಅಕ್ಕಿ ತೆಗೆಯುವಾಗ ಅದು ಸಿಕ್ಕಿತು. "ಎಂತ ಇದು? ಅಕ್ಕಿಯಲ್ಲಿ ಇಸ್ಪೀಟು ಬೆಳೆಯುತ್ತದಾ?" ಎಂದು ಕೇಳಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಸೆಕೆಯನ್ನು ದೂರಿದೆ.

ಮೊಬೈಲು ನೋಡಿ ಸಾಕಾಗಿ, ಕೊನೆಗೆ ಕಾರ್ಕಳದಲ್ಲಿ ಒಬ್ಬರನ್ನು ಹುಡುಕಿಕೊಂಡು ಹೋದೆ. ಹಿಂದೆ ಶಾಲೆಗಳಲ್ಲಿ ಜಾದೂ ತೋರಿಸುತ್ತಿದ್ದವರು, ಈಗ ವಾಚು ರಿಪೇರಿ ಮಾಡುತ್ತಾರೆ. ನನ್ನ ಕೈ ನೋಡಿ ಅವರು ನಗಲೂ ಇಲ್ಲ.

"ನಿಮ್ಮ ಹೆಬ್ಬೆರಳಿಗೆ ಭಯ ಉಂಟು. ಕಳ್ಳನ ಹಾಗೆ ಗಡಿಬಿಡಿ ಮಾಡುತ್ತದೆ. ಯಾಕೆ ಕಲಿಯುವುದು ಇದನ್ನು?"

"ಸುಮ್ಮನೆ, ಹವ್ಯಾಸಕ್ಕೆ" ಎಂದೆ. ಅಪ್ಪನಿಗೆ ಮೋಸದಿಂದ ಎಲೆ ಕೊಡಲಿಕ್ಕೆ ಎನ್ನಲು ನಾಚಿಕೆಯಾಯಿತು. ಆ ಸುಳ್ಳಿಗೆ ಆಮೇಲೆ ತೆತ್ತ ದಂಡ ದೊಡ್ಡದು. ಶನಿವಾರ ಶನಿವಾರ ಹೋಗಿ, ಕಲಸಿದ ಹಾಗೆ ಕಲಸಿ ಅಡಿಯ ಎಲೆಗಳನ್ನು ಅಲ್ಲೇ ಉಳಿಸುವುದು, ಕಟ್ ಮಾಡಿದ್ದನ್ನು ಮತ್ತೆ ಮೊದಲಿನಂತೆ ಕೂರಿಸುವುದು, ಅಡಿಯಿಂದ ಎಳೆಯುವುದು ಎಲ್ಲವನ್ನೂ ಕಲಿತೆ. ಐದನೆಯ ತಿಂಗಳಿಗೆ ಅವರು "ಆಯಿತು, ಈಗ ಕಣ್ಣಿಗೆ ಬೀಳುವುದಿಲ್ಲ" ಎಂದಾಗ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಕಾಲು ನೋಯಲಿಲ್ಲ.

ಮರುದಿನ ಕಾಪುವಿನಲ್ಲಿ ಹಂಚುವ ಸರದಿ ನನಗೆ ಬಂತು. ಕಲಸಿದೆ, ಕಟ್ ಆಯಿತು, ಕೂರಿಸಿದೆ. ಎಡಕ್ಕೆ ಒಂದು, ಎದುರಿಗೆ ಒಂದು ಎಂದು ಹಂಚತೊಡಗಿದೆ. ಮೂರನೆಯ ಎಲೆಗೆ ಮಾವ ನನ್ನ ಕೈ ಹಿಡಿದರು.

"ಎಂತ ಮಾರಾಯ, ರಮ್ಮಿ ಆಡುವುದಾ ನಾವು?"

ಇಪ್ಪತ್ತೆಂಟನ್ನು ಬಲಕ್ಕೆ ಹಂಚುತ್ತಾರೆ, ಒಂದೊಂದಲ್ಲ, ನಾಲ್ಕು ನಾಲ್ಕು. ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೆ ಮೊಬೈಲಿನವನೂ ಜಾದೂವಿನವರೂ ಕಲಿಸಿದ್ದು ಎಡಕ್ಕೆ, ಒಂದೊಂದೇ. ನನ್ನ ಕೈ ಅದನ್ನೇ ಕಲಿತಿತ್ತು. ಹವ್ಯಾಸಕ್ಕೆ ಎಂದು ಸುಳ್ಳು ಹೇಳಿದ್ದರಿಂದ ಯಾವ ಆಟಕ್ಕೆ ಎಂದು ಅವರೂ ಕೇಳಿರಲಿಲ್ಲ. ಐದು ತಿಂಗಳಲ್ಲಿ ಒಂದು ದಿನವೂ ಈ ಯೋಚನೆ ನನ್ನ ತಲೆಗೆ ಹೊಳೆದಿರಲಿಲ್ಲ! ಮತ್ತೆ ಕಲಸಿ ಸರಿಯಾಗಿ ಹಂಚಿದೆ, ಗುಲಾಮರು ಮಾವನ ಕೈ ಸೇರಿದರು, ನಮ್ಮಿಬ್ಬರ ಕಿವಿಗೂ ಕ್ಲಿಪ್ಪು ಬಿತ್ತು. ಮಾವನ ಜೋಡಿಯಾಗಿದ್ದ ಆಚೆಮನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಕಟ್ಟನ್ನು ಎತ್ತಿ ಬಾವಿಗೆ ಎಸೆಯುವಷ್ಟು ಸಿಟ್ಟು ಬಂದಿತ್ತು.

ಮತ್ತೆ ಮೂರು ತಿಂಗಳು. ನಾಲ್ಕು ಎಲೆಯನ್ನು ಒಟ್ಟಿಗೆ ಅಡಿಯಿಂದ ಎಳೆಯುವುದು ಯಾವ ವೀಡಿಯೊದಲ್ಲೂ ಇಲ್ಲ. ಕಿರುಬೆರಳಿನ ಸಂದಿ ಬಿರಿಯಿತು. ಈ ನಡುವೆ ಒಂದೆರಡು ಆಟ ನನ್ನ ಎಲೆಯಿಂದ ಗೆದ್ದಾಗ ಅಪ್ಪ, "ಅದು ನೀನು ಗೆದ್ದದ್ದು" ಎಂದು ಮುಖ ತಿರುಗಿಸಿದ್ದರು. ನನ್ನ ಗೆಲುವಿನಿಂದ ಪ್ರಯೋಜನವಿರಲಿಲ್ಲ. ಗುಲಾಮನನ್ನು ಆಟದ ಹಲಗೆಗೆ ಬಡಿಯುವ ಕೈ ಅವರದ್ದೇ ಆಗಬೇಕಿತ್ತು.

ಅದು ಕೈಗೂಡಿದ ಭಾನುವಾರ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಿಂದಿನ ಆಟದ ಎಲೆಗಳನ್ನು ಒಟ್ಟು ಮಾಡುವಾಗಲೇ ಇಸ್ಪೀಟು ಗುಲಾಮ, ಆಟೀನು ಗುಲಾಮ, ಒಂದು ಒಂಬತ್ತು, ಒಂದು ಎಕ್ಕ, ನಾಲ್ಕನ್ನೂ ಅಡಿಗೆ ಸೇರಿಸಿದ್ದೆ. ಬಲಕ್ಕೆ ಮಾವನಿಗೆ ಮೇಲಿನಿಂದ ನಾಲ್ಕು. ಎದುರಿಗೆ ಅಪ್ಪನಿಗೆ ಅಡಿಯಿಂದ ನಾಲ್ಕು. ಹೆಬ್ಬೆರಳು ನಡುಗಲಿಲ್ಲ. ಯಾರೂ ತಲೆ ಎತ್ತಲಿಲ್ಲ. ನನ್ನ ಜೀವಮಾನದಲ್ಲಿ ನಾನು ಅಷ್ಟು ಚೆನ್ನಾಗಿ ಮಾಡಿದ ಕೆಲಸ ಇನ್ನೊಂದಿಲ್ಲ.

ಎಡಗೈಯಲ್ಲಿ ಎಲೆ ನಿಲ್ಲದ ಕಾರಣ ಅಪ್ಪನಿಗೆ ಮಾವ ಒಂದು ಮರದ ತುಂಡಿಗೆ ಉದ್ದ ಗೀರು ಕೊರೆಸಿ ಕೊಟ್ಟಿದ್ದರು. ಅಪ್ಪ ಬಲಗೈಯಿಂದ ತಡವಿ, ಮುಂದಿನ ನಾಲ್ಕಕ್ಕೆ ಜಾಗ ಬಿಟ್ಟು, ಎಲೆಗಳನ್ನು ಅದರ ಎಡ ತುದಿಗೆ ಸರಿಸಿ ನಿಲ್ಲಿಸಿದರು. ಮಾವ ಹದಿನಾಲ್ಕು ಕೂಗಿದರು. ಆ ನಾಲ್ಕು ಎಲೆಗೆ ಮಕ್ಕಳೂ ಇಪ್ಪತ್ತು ಕೂಗಿಯಾರು.

"ಪಾಸ್" ಎಂದರು ಅಪ್ಪ.

ನನಗೆ ನಖಶಿಖಾಂತ ಉರಿದುಹೋಯಿತು. ಉಳಿದ ನಾಲ್ಕನ್ನು ಹೇಗೆ ಹಂಚಿದೆನೋ ಗೊತ್ತಿಲ್ಲ. ಮಾವ ಇಸ್ಪೀಟು ರಾಣಿ ಇಳಿಸಿದರು. ಇಸ್ಪೀಟು ಇದ್ದವರು ಇಸ್ಪೀಟೇ ಹಾಕಬೇಕು. ಅಪ್ಪ ತುಂಬ ಹೊತ್ತು ನೋಡಿ, ಬಲತುದಿಯಿಂದ ಕಳಾವರದ ಏಳನ್ನು ತೆಗೆದು ಹಾಕಿದರು.

"ಅಪ್ಪಾ! ಇಸ್ಪೀಟು ಗುಲಾಮ ಉಂಟಲ್ಲ ನಿಮ್ಮ ಹತ್ರ!" ಎಂದು ಕಿರುಚಿಯೇ ಬಿಟ್ಟೆ.

ಮಾವ ಎಲೆಗಳನ್ನು ಮಡಿಲಿಗೆ ಇಳಿಸಿ ನನ್ನನ್ನೇ ನೋಡಿದರು. "ಭಾವನ ಎಲೆ ನಿನಗೆ ಹೇಗೆ ಗೊತ್ತು?"

ಎಂಟು ತಿಂಗಳು ಬೆರಳುಗಳಿಗೆ ಕಲಿಸಿದ್ದನ್ನು ನನ್ನ ಬಾಯಿ ಒಂದು ಕ್ಷಣದಲ್ಲಿ ಹಾಳು ಮಾಡಿತ್ತು. ಆದರೆ ಅಪ್ಪ ಮಾವನ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ಮರದ ತುಂಡನ್ನೇ ದಿಟ್ಟಿಸುತ್ತಾ ಕೇಳಿದರು, "ಎಲ್ಲಿ ಉಂಟು?"

ತಮಾಷೆಯಾಗಲಿ ಹಟವಾಗಲಿ ಆ ಧ್ವನಿಯಲ್ಲಿರಲಿಲ್ಲ. ನಾನು ಎದ್ದು ಅವರ ಹಿಂದೆ ಹೋಗಿ ನಿಂತೆ. ಎಡ ತುದಿಯಲ್ಲಿ ಇಬ್ಬರು ಗುಲಾಮರೂ ಎದ್ದು ಕಾಣುವಂತೆ ನಿಂತಿದ್ದರು. ಅಪ್ಪನ ಕಣ್ಣು ಬಲಗಡೆಯ ಮೂರ್ನಾಲ್ಕು ಎಲೆಗಳ ಮೇಲೆ ಓಡಾಡಿ, ನಡುವಿಗೆ ಬಂದು, ಅಲ್ಲಿಂದ ಹಿಂದೆ ಹೋಗುತ್ತಿತ್ತು. ಆಚೆಗೆ ಏನೂ ಇಲ್ಲ ಎಂಬಂತೆ. ಕಾಯಿಲೆ ಎಡಗೈ ಎಡಗಾಲಿನ ಜೊತೆ ಎಡಗಡೆಯ ನೋಟವನ್ನೂ ಕೊಂಡುಹೋಗಿತ್ತು.

ಅವರ ಊಟದ ಬಟ್ಟಲಿನ ಎಡಗಡೆಯ ಪಲ್ಯ ದಿನವೂ ಹಾಗೇ ಉಳಿಯುತ್ತಿತ್ತು, ಸೇರುವುದಿಲ್ಲವೇನೋ ಎಂದು ಅಮ್ಮ ಪಲ್ಯ ಬದಲಿಸುತ್ತಿದ್ದರು. ನಮ್ಮ ಅಂಗಡಿಯಲ್ಲಿ ನಾನೇ ಅವರ ಕಣ್ಣು ಪರೀಕ್ಷೆ ಮಾಡಿದ್ದೆ. ಪ್ರತಿ ಸಾಲಿನ ಮೊದಲ ಅಕ್ಷರ ಬಿಟ್ಟು ಓದಿದ್ದರು. ಅವಸರಕ್ಕೆ ಬಿಟ್ಟರು ಎಂದುಕೊಂಡು, ಕಣ್ಣು ಸರಿ ಉಂಟು ಎಂದು ಬರೆದವನು ನಾನೇ. ಊರಿಗೆಲ್ಲ ಕನ್ನಡಕ ಕೂರಿಸುವವನು! ಅಪ್ಪನಿಗೆ ಒಳ್ಳೆಯ ಎಲೆಗಳು ಈ ಮೊದಲೂ ಬರುತ್ತಿದ್ದವು. ಎಷ್ಟು ಭಾನುವಾರ ಎಷ್ಟು ಗುಲಾಮರು ಆ ಎಡ ತುದಿಯಲ್ಲಿ ಸುಮ್ಮನೆ ನಿಂತಿದ್ದರೋ.

ನಾನು ಬಗ್ಗಿ ಮರದ ತುಂಡನ್ನು ಒಂದು ಗೇಣು ಬಲಕ್ಕೆ ತಳ್ಳಿದೆ.

ಅಪ್ಪ ಬೆಚ್ಚಿದರು. ಇಸ್ಪೀಟು ಗುಲಾಮನನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ತಲೆ ಎತ್ತಿ ನನ್ನ ಎರಡೂ ಕೈಗಳನ್ನು ನೋಡಿದರು, ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವನನ್ನು ನೋಡುವ ಹಾಗೆ.

"ಇದನ್ನು ಈಗ ಎಲ್ಲಿಂದ ತಂದಿಟ್ಟೆ ನೀನು? ನನ್ನ ಹತ್ರ ಕಳ್ಳಾಟ ಬೇಡ ಮಗ."

ಎಂಟು ತಿಂಗಳಲ್ಲಿ ನನ್ನ ಕೈಗಳು ಯಾವ ಮೋಸವನ್ನೂ ಮಾಡದೆ ಇದ್ದ ಕ್ಷಣ ಅದೊಂದೇ.