ಕಾಲಿನ ಮನೆಯ ಕಾಲು ಗಂಟೆ

ಆಸ್ಪತ್ರೆಯ ಕೀರ್ತಿಯನ್ನು ವೈದ್ಯರೂ ದಾದಿಯರೂ ಹಂಚಿಕೊಳ್ಳುವುದು ನ್ಯಾಯವೇ. ಆದರೆ ವೈದ್ಯರ ಚೀಟಿಯನ್ನು ಔಷಧಾಲಯಕ್ಕೂ, ರಕ್ತಪರೀಕ್ಷೆಯ ವರದಿಯನ್ನು ರೋಗಿಯ ಹಾಸಿಗೆಯ ಬಳಿಗೂ ಕಣ್ಣಿಗೆ ಕಾಣದ ದಾರಿಯಲ್ಲಿ ಮುಟ್ಟಿಸುವ ಕಂಪ್ಯೂಟರ್ ವಿಭಾಗದವರನ್ನು ಜನ ನೆನೆಯುವುದು ಏನಾದರೂ ಕೈಕೊಟ್ಟಾಗ ಮಾತ್ರ. ಅಂಥ ವಿಭಾಗವನ್ನು ಬರಿಗೈಯಿಂದ ಕಟ್ಟಿ, ಎಲ್ಲರಿಂದ ಬೈಸಿಕೊಂಡೂ ನಗುನಗುತ್ತಲೇ ನಡೆಸಿ, ಈಗ ವಿಶ್ರಾಂತ ಜೀವನಕ್ಕೆ ಕಾಲಿಡುತ್ತಿರುವ ನಮ್ಮ ಸಿಸ್ಟಂ ಮೇಡಂ ಅವರು ಈ ಕ್ಷೇತ್ರದ ಹಿರಿಯರ ಸಾಲಿನಲ್ಲಿ ಸಲ್ಲತಕ್ಕವರು. ನಿರ್ದೇಶಕರಿಂದ ಹಿಡಿದು ಕಾವಲುಗಾರರವರೆಗೆ, ಸಿಟ್ಟು ಬಂದಾಗಲೂ ಸಮಾಧಾನ ಬೇಕಾದಾಗಲೂ ಎಲ್ಲರೂ ಹುಡುಕಿದ್ದು ಅವರನ್ನೇ.

ಅವರು ಸೇವೆಗೆ ಸೇರಿದಾಗ ಇಡೀ ಆಸ್ಪತ್ರೆಗೆ ಇದ್ದದ್ದು ಒಂದೇ ಕಂಪ್ಯೂಟರ್. ಅದಕ್ಕೊಂದು ಗಾಜಿನ ಕೋಣೆ, ತಂಪು ಗಾಳಿ, ಮೈಗೆ ಹೊದಿಕೆ. ರೋಗಿಗಳಿಗೂ ಆ ಭಾಗ್ಯವಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಉಸಿರು ಬಿಗಿಹಿಡಿದು ಒಳಬರುತ್ತಿದ್ದ ಗುಮಾಸ್ತರಿಗೆ ಮೇಡಂ ಕಲಿಸಿದ ಮೊದಲ ಪಾಠವೆಂದರೆ ಹೆದರದೆ ಕೀಲಿ ಒತ್ತುವುದು. “ಒತ್ತಿ, ಏನೂ ಆಗಲ್ಲ. ಏನಾದ್ರೂ ಆದ್ರೆ ನಾನಿದೀನಲ್ಲ!” ಎನ್ನುತ್ತಿದ್ದರು. ಮುಂದೆ ದೂರವಾಣಿ ವಿನಿಮಯ ಕೇಂದ್ರ ತಾನೇ ತಾನಾಗಿ ನಡೆಯುವಂತಾಗಿ, ಅಲ್ಲಿ ಕರೆ ಜೋಡಿಸುತ್ತಿದ್ದ ಟೆಲಿಫೋನ್ ಅಕ್ಕ ಇನ್ನು ತನಗೇನು ಕೆಲಸವೆಂದು ಕಣ್ಣೊರೆಸಿಕೊಳ್ಳುತ್ತ ಕೂತಾಗ, ಆಕೆಯನ್ನು ತಮ್ಮ ವಿಭಾಗಕ್ಕೆ ಕರೆತಂದವರು ಮೇಡಂ. ದೂರು ಹೇಳುವವರ ಸಿಟ್ಟನ್ನು ದನಿಯಲ್ಲೇ ಇಳಿಸಬಲ್ಲ ಆ ಅಕ್ಕ ಇಂದಿಗೂ ಅಲ್ಲಿದ್ದಾರೆ.

ಯಂತ್ರ ಮುಟ್ಟುವ ಮೊದಲು ಅದರ ಜೊತೆ ಇರುವವರ ಮಾತನ್ನು ಪೂರ್ತಿ ಕೇಳಬೇಕು ಎಂಬುದು ಮೇಡಂ ಅವರ ಪದ್ಧತಿ. ಎಳೆಯ ಎಂಜಿನಿಯರುಗಳಿಗೆ ಅವರು ಇದನ್ನು ಹೇಳಿ ಹೇಳಿ ನಾಲಿಗೆ ಸವೆಸಿಕೊಂಡಿದ್ದರು. ಇಂಥವರೂ ಒಂದು ದಿನ ತಮ್ಮ ಪದ್ಧತಿಯನ್ನು ತಾವೇ ಮರೆತರು. ಅವರ ಸೇವಾವಧಿಯಲ್ಲಿ ಎಲ್ಲರೂ ಮತ್ತೆ ಮತ್ತೆ ನೆನೆಯುವ ಪ್ರಸಂಗ ಅದೇ.

ಆ ವರ್ಷ ರೋಗಿಗಳ ಮಾಹಿತಿ ಹೊರಗಿನವರ ಕೈ ಸೇರದಂತೆ ಕಾಪಾಡಲು ಆಸ್ಪತ್ರೆಯ ಎಲ್ಲ ಕಂಪ್ಯೂಟರುಗಳನ್ನೂ ಒಂದು ಡೊಮೈನ್‌ಗೆ ಸೇರಿಸಬೇಕೆಂದು ತೀರ್ಮಾನವಾಯಿತು. ಡೊಮೈನ್ ಎಂದರೆ ಒಂದು ಕೂಡು ಕುಟುಂಬ. ನಡುವೆ ಕೂತ ಹಿರಿಯ ಯಂತ್ರವೊಂದು ಪ್ರತಿಯೊಬ್ಬರ ಗುರುತು ಹಿಡಿದು ಒಳಗೆ ಬಿಡುತ್ತದೆ. ಸೇರದ ಯಂತ್ರಗಳು ಸೋಮವಾರ ಗುಜರಿಗೆ ಎಂಬ ನಿಯಮ ಬರೆದವರು ಮೇಡಂ. ಯಾರಿಗೂ ವಿನಾಯಿತಿ ಇಲ್ಲವೆಂಬ ಸಾಲನ್ನು ಸೇರಿಸಿದವರೂ ಅವರೇ.

ಒಂದೊಂದಾಗಿ ಎಲ್ಲವೂ ಸೇರಿದವು. ಎಷ್ಟು ಮಾಡಿದರೂ ಸೇರದೆ ಉಳಿದದ್ದು ಹಿಂದಿನ ಕಟ್ಟಡದ, ಕೃತಕ ಕಾಲು ತಯಾರಿಸುವ ಕಾರ್ಯಾಗಾರದ ಮುದಿ ಕಂಪ್ಯೂಟರ್. ಆ ಜಾಗಕ್ಕೆ ಎಲ್ಲರೂ ಕಾಲಿನ ಮನೆ ಎನ್ನುತ್ತಾರೆ. ಕಾಲು ಕಟ್ಟಿಕೊಟ್ಟು ನಡೆಯಲೂ ಕಲಿಸುವುದರಿಂದ ಅಲ್ಲಿನ ಮುಖ್ಯಸ್ಥರು ಎಲ್ಲರಿಗೂ ಕಾಲಿನ ಮೇಷ್ಟ್ರು. ಅಳತೆಗೆ ತಕ್ಕಂತೆ ಅಚ್ಚು ಕೊರೆಯುವ ಯಂತ್ರ ಆ ಹಳೆಯ ಕಂಪ್ಯೂಟರಿನ ಮಾತನ್ನಲ್ಲದೆ ಬೇರೆ ಯಾವುದರ ಮಾತನ್ನೂ ಕೇಳುತ್ತಿರಲಿಲ್ಲ. ಅದನ್ನು ಮಾಡಿದ ಕಂಪನಿಯೋ ಎಂದೋ ಬಾಗಿಲು ಹಾಕಿತ್ತು. ಕಂಪ್ಯೂಟರ್ ಹೋದರೆ ಕಾಲಿನ ಮನೆಯೂ ಹೋದಂತೆಯೇ.

ಶನಿವಾರ ಮಧ್ಯಾಹ್ನ ಮೇಡಂ ತಾವೇ ಅಲ್ಲಿಗೆ ಹೋದರು. ಪ್ಲಾಸ್ಟರಿನ ಪುಡಿ ಗಾಳಿಯಲ್ಲೇ ತೇಲುವ ಆ ಕೋಣೆಗೆ ಹೋಗುವವರು ಕೈಗಡಿಯಾರ, ಉಂಗುರಗಳನ್ನು ಬಿಚ್ಚಿ ಬಾಗಿಲ ಬಳಿಯ ಡಬ್ಬಿಯಲ್ಲಿಡುವುದು ವಾಡಿಕೆ. ಮೇಡಂ ಕೂಡ ಗಡಿಯಾರ ಬಿಚ್ಚಿಟ್ಟರು. ಫೋನಿದ್ದ ಕೈಚೀಲವನ್ನೂ ಅಲ್ಲೇ ನೇತುಹಾಕಿದರು. ಒಳಗೆ ಬೆಂಚಿನ ಮೇಲೆ ಟೈಲರ್ ಅಕ್ಕ ಒಬ್ಬರು ಕೂತಿದ್ದರು. ಅಪಘಾತದಲ್ಲಿ ಬಲಗಾಲು ಹೋಗಿ, ಹೊಲಿಗೆ ಯಂತ್ರ ಮೂಲೆ ಸೇರಿತ್ತು. ಕಂಪ್ಯೂಟರಿನ ಈ ಕೆಲಸಕ್ಕಾಗಿ ಅವರ ಕಾಲಿನ ಅಚ್ಚು ಅರ್ಧ ಕೊರೆದು ನಿಂತಿತ್ತು.

ಮೇಡಂ ಅವರಿಗೆ ಯಾರ ಮುಖವನ್ನೂ ನೋಡುವ ಧೈರ್ಯವಾಗಲಿಲ್ಲ. ತಮ್ಮ ನಿಯಮ ಯಾರ ಕಾಲಿಗೆ ಕುತ್ತಾಗಿ ಕೂತಿದೆ ಎಂಬುದು ಕಣ್ಣೆದುರಿಗೇ ಇತ್ತು. ಅದಕ್ಕೇ ಏನನ್ನೂ ಕೇಳದೆ ನೇರ ಕೆಲಸಕ್ಕಿಳಿದರು. ತಂತಿ ಬದಲಿಸಿದರು, ಧೂಳು ಕೊಡವಿದರು, ಕಂಪ್ಯೂಟರಿಗೆ ಹೊಸ ಹೆಸರಿಟ್ಟರು, ಹಿರಿಯ ಯಂತ್ರದ ವಿಳಾಸವನ್ನು ಮತ್ತೆ ಮತ್ತೆ ತಿದ್ದಿದರು. ಗುಪ್ತಪದ ಕೊಟ್ಟಾಗಲೆಲ್ಲ ಪರದೆ ಪ್ರವೇಶವಿಲ್ಲ ಎಂಬ ಒಂದೇ ಉತ್ತರ ಹೇಳಿತು. ಗಂಟೆಯನ್ನೂ ಅವರು ನೋಡದೆ ಬಿಡಲಿಲ್ಲ. ಪರದೆಯ ಮೂಲೆಯ ಸಮಯಕ್ಕೂ ಗೋಡೆ ಗಡಿಯಾರಕ್ಕೂ ತಾಳೆ ನೋಡಿದರು. ಎರಡೂ ಒಂದೇ ಆಗಿದ್ದವು.

ಸಂಜೆಯ ಹೊತ್ತಿಗೆ ಮೇಡಂ ಕೈಚೆಲ್ಲಿ ಕೂತರು. ಮೇಷ್ಟ್ರೇ ಅವರಿಗೆ ಸಮಾಧಾನ ಹೇಳಬೇಕಾಯಿತು.

“ಬಿಡಿ ಮೇಡಂ, ನೀವು ಮಾಡೋದೆಲ್ಲ ಮಾಡಿದ್ರಿ. ಪಾಪ, ಇದರ ಟೈಮೇ ಸರಿಯಿಲ್ಲ.”

ಟೈಲರ್ ಅಕ್ಕನಿಗೆ ನಗು ತಡೆಯಲಾಗಲಿಲ್ಲ. “ಈ ಮನೇಲಿ ಯಾವುದರ ಟೈಮ್ ಸರಿಯಿದೆ ಮೇಷ್ಟ್ರೇ? ಆ ಗಡಿಯಾರ ನೋಡಿ, ಯಾವಾಗ್ಲೂ ಕಾಲು ಗಂಟೆ ಮುಂದೆ!”

ಮೇಡಂ ತಲೆಯೆತ್ತಿದರು. “ಏನಂದ್ರಿ?”

ಮೇಷ್ಟ್ರಿಗೆ ಸಂಕೋಚವಾಯಿತು. “ಅದು ನಮ್ಮ ಹಳೇ ಪದ್ಧತಿ. ಸಂಜೆ ರೋಗಿಗಳ ವ್ಯಾನು ಯಾರಿಗೂ ಕಾಯಲ್ಲ. ಹೊಸ ಕಾಲು ಕಟ್ಕೊಂಡವರು ಗಡಿಬಿಡೀಲಿ ಓಡೋಕೆ ಹೋಗಿ ಬೀಳಬಾರದಲ್ಲ, ಅದಕ್ಕೆ ಗಡಿಯಾರ ಕಾಲು ಗಂಟೆ ಮುಂದೆ ಇಟ್ಟಿರ್ತೀವಿ.”

“ಮತ್ತೆ ಕಂಪ್ಯೂಟರಿನ ಗಂಟೆ?”

“ಅದಕ್ಕೆ ವಯಸ್ಸಾಯ್ತಲ್ಲ, ರಾತ್ರಿ ಆಫ್ ಮಾಡಿದ್ರೆ ಗಂಟೆ ಮರೆತುಬಿಡುತ್ತೆ. ದಿನಾ ಬೆಳಿಗ್ಗೆ ಗೋಡೆ ನೋಡಿ ನಾನೇ ಸರಿ ಮಾಡ್ತೀನಿ.”

ಮೇಷ್ಟ್ರು ದಿನಾ ಬೆಳಿಗ್ಗೆ ಶ್ರದ್ಧೆಯಿಂದ ಮಾಡುತ್ತಿದ್ದದ್ದೇ ಈ ತಪ್ಪು! ಹಳೆಯ ಗುರುತು ತೋರಿಸಿ ಕಳ್ಳರು ನುಗ್ಗಬಾರದೆಂದು, ತನ್ನ ಗಡಿಯಾರಕ್ಕೆ ಹೊಂದದವರನ್ನು ಆ ಹಿರಿಯ ಯಂತ್ರ ಹತ್ತಿರ ಸೇರಿಸುವುದಿಲ್ಲ. ನಾಲ್ಕೈದು ನಿಮಿಷ ಹೆಚ್ಚುಕಡಿಮೆಯಾದರೆ ಕ್ಷಮಿಸೀತು, ಕಾಲು ಗಂಟೆಯನ್ನಲ್ಲ. ಕಾಲಿನ ಮನೆಯಲ್ಲಿ ಕೆಟ್ಟದ್ದು ಕಂಪ್ಯೂಟರಲ್ಲ, ಕಾಲ.

ಮೇಡಂ ಬಾಗಿಲಿಗೆ ಓಡಿ ಡಬ್ಬಿಯಿಂದ ತಮ್ಮ ಗಡಿಯಾರ ತಂದರು. ಅದನ್ನು ನೋಡಿ ಗಂಟೆ ತಿದ್ದಿ, ಗುಪ್ತಪದ ಕೊಟ್ಟು, ಕೀಲಿ ಒತ್ತಿ ಕಣ್ಣು ಮುಚ್ಚಿಕೊಂಡರು. “ಮೇಡಂ, ಏನೋ ಸ್ವಾಗತ ಅಂತಿದೆ!” ಎಂದು ಮೇಷ್ಟ್ರು ಕೂಗಿದರು. ಬಿದ್ದು ಬಿದ್ದು ನಗುತ್ತಿದ್ದ ಮೇಡಂ ಅವರ ಕಣ್ಣಲ್ಲಿ ನೀರಿತ್ತು.

“ಬಂದ ತಕ್ಷಣ ನಿಮ್ಮನ್ನ ಮಾತಾಡಿಸಿದ್ರೆ ಚಹಾ ಹೊತ್ತಿಗೇ ಮುಗೀತಿತ್ತು ಮೇಷ್ಟ್ರೇ” ಎಂದರು.

ಮೇಷ್ಟ್ರು ಗೋಡೆ ಗಡಿಯಾರವನ್ನೂ ಸರಿಪಡಿಸಲು ಸ್ಟೂಲು ಎಳೆದಾಗ ಮೇಡಂ ತಡೆದರು. “ಅದನ್ನ ಮುಟ್ಟಬೇಡಿ. ಇನ್ಮೇಲೆ ಕಂಪ್ಯೂಟರು ನಮ್ಮ ಹಿರಿಯ ಯಂತ್ರದ ಗಂಟೆ ಕೇಳುತ್ತೆ. ನಡೆಯೋರಿಗೆ ಗೋಡೆ ಗಂಟೆನೇ ಸರಿ.” ಸೋಮವಾರ ಅಚ್ಚು ಪೂರ್ತಿಯಾಯಿತು. ಟೈಲರ್ ಅಕ್ಕನ ಹೊಲಿಗೆ ಯಂತ್ರ ಈಗ ಎರಡು ಕಾಲಿನ ಬಲದಲ್ಲಿ ತಿರುಗುತ್ತಿದೆ. ನಿಯಮದಲ್ಲಿ ಮೇಡಂ ಒಂದು ಸಾಲು ಹೆಚ್ಚಿಗೆ ಬರೆಸಿದರು: ಗುಜರಿಗೆ ಹಾಕುವ ಮುನ್ನ, ಆ ಯಂತ್ರ ಬಳಸುವವರ ಜೊತೆ ಕೂತು ಮಾತಾಡತಕ್ಕದ್ದು.

ಕಳೆದ ವಾರ, ಸೇವೆಯ ಕೊನೆಯ ದಿನ, ಮೇಡಂ ವಿಭಾಗ ವಿಭಾಗಕ್ಕೂ ಹೋಗಿ ವಿದಾಯ ಹೇಳುತ್ತ ಕಟ್ಟಕಡೆಗೆ ಕಾಲಿನ ಮನೆಗೆ ಬಂದರು. ಗಡಿಯಾರ ಬಿಚ್ಚಿ ಡಬ್ಬಿಯಲ್ಲಿಟ್ಟು ಬೆಂಚಿನ ಮೇಲೆ ಕೂತರು. ಹಳೆಯ ಕಂಪ್ಯೂಟರ್ ಗುಂಯ್‌ಗುಡುತ್ತ ಯಾರದೋ ಕಾಲಿನ ಅಚ್ಚು ಕೊರೆಸುತ್ತಿತ್ತು. ಮಾತಿನ ನಡುವೆ ಗೋಡೆಯತ್ತ ನೋಡಿ, ಕಚೇರಿ ಮುಗಿಯುವ ಹೊತ್ತಾಯಿತೆಂದು ಮೇಡಂ ಎದ್ದು ನಿಂತರು. ಈ ಮನೆಯ ಗುಟ್ಟು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಮನಸ್ಸು ಭಾರವಾಗಿದ್ದರಿಂದ ಮರೆತೇಹೋಗಿತ್ತು.

ಅವರಿಗೆ ಆಯುರಾರೋಗ್ಯ ಕೂಡಿಬರಲಿ, ಕಲಿಸುವ ಕೆಲಸ ಕೈಬಿಡದಿರಲಿ, ಅವರ ಟೈಮ್ ಸದಾ ಸರಿಯಿರಲಿ ಎಂದು ಇಡೀ ಆಸ್ಪತ್ರೆ ಹಾರೈಸುತ್ತದೆ. ಆದರೆ ಆ ಸಂಜೆ ಮೇಷ್ಟ್ರು ಹೇಳಿದ್ದಕ್ಕಿಂತ ಒಳ್ಳೆಯ ಹಾರೈಕೆ ನಮ್ಮಲ್ಲಿ ಯಾರಿಗೂ ಹೊಳೆದಿಲ್ಲ.

“ಎಲ್ಲಿಗೆ ಮೇಡಂ? ಇನ್ನೂ ಕಾಲು ಗಂಟೆ ಇದೆ. ಕೂತ್ಕೊಳ್ಳಿ.”